ಮೋರಿ ತಾತ್ಕಾಲಿಕ, ಮಳೆಯಲ್ಲ

ಘಟ್ಟದ ರಸ್ತೆಗಳನ್ನು ಅಗಲಗೊಳಿಸುವಲ್ಲೆಲ್ಲ ಕೇಳಿಬರುವ ಮಾತೊಂದಿದೆ: “ಇದು ತಾತ್ಕಾಲಿಕ ಮೋರಿ, ಒಂದು ಮಳೆಗಾಲಕ್ಕೆ ಸಾಕು.” ಹಳ್ಳಕ್ಕೆ ಎರಡಡಿ ವ್ಯಾಸದ ಸಿಮೆಂಟ್ ಕೊಳವೆಯಿಟ್ಟು, ಮೇಲೆ ಮಣ್ಣು ಸುರಿದು ವಾಹನ ಬಿಡುತ್ತಾರೆ. ಸಾಕೆಂದು ಯಾವ ಲೆಕ್ಕದಿಂದ ಹೇಳಿದರೆಂದು ಕೇಳುವವರಿಲ್ಲ. ಕೇಳಬೇಕಾದವರು ಹಳ್ಳದ ಕೆಳಗೆ ಗದ್ದೆ, ತೋಟವುಳ್ಳ ನಾವೇ.

ಲೆಕ್ಕ ಕಠಿಣವೇನಲ್ಲ, ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲರು. ಹಳ್ಳಕ್ಕೆ ನೀರಿಳಿಯುವ ಗುಡ್ಡದ ವಿಸ್ತೀರ್ಣ ಹೆಕ್ಟೇರಿನಲ್ಲಿ, ಮಳೆಯ ರಭಸ ಗಂಟೆಗೆ ಮಿಲಿಮೀಟರಿನಲ್ಲಿ, ಇಂಗದೆ ಹರಿಯುವ ಪಾಲು ದಶಾಂಶದಲ್ಲಿ: ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರೆಂಬುದು ದೊರೆಯುತ್ತದೆ. ಇಲ್ಲಿ ವರ್ಷದ ಒಟ್ಟು ಮಳೆ ಲೆಕ್ಕಕ್ಕೆ ಬಾರದು. ಮೋರಿಯನ್ನು ಒಡೆಯುವುದು ಅರ್ಧ ಗಂಟೆಯ ಬಿರುಸು. 10 ಹೆಕ್ಟೇರ್ ಗುಡ್ಡಕ್ಕೆ ಗಂಟೆಗೆ 100 ಮಿ.ಮೀ. ರಭಸದಲ್ಲಿ ಮಳೆ ಸುರಿದು, ಕಾಡಿನ ನೆಲದಿಂದ ಹರಿಯುವ ಪಾಲು 0.4 ಇದ್ದರೆ ಬರುವುದು 1.1 ಘನ ಮೀಟರ್. ಕಾಡು ಕಡಿದು, ಗುಡ್ಡ ಕೊರೆದು ಪಾಲು 0.7ಕ್ಕೇರಿದರೆ 1.9. ಆ ಎರಡಡಿ ಕೊಳವೆಯಾದರೋ, ಬಾಯಿಯ ಬಳಿ ನೀರು ಮೂರಡಿ ನಿಂತರೂ ಒಯ್ಯುವುದು ಅರ್ಧ ಘನ ಮೀಟರಿನ ಆಸುಪಾಸು. ಅದೂ ದರಗು, ಕೊಂಬೆ ಸಿಕ್ಕಿಕೊಳ್ಳದಿದ್ದರೆ! ಮಿಕ್ಕ ನೀರು ರಸ್ತೆಯ ಹೊಸ ಮಣ್ಣನ್ನೇ ಕೊಚ್ಚಿಕೊಂಡು ತೋಟಕ್ಕಿಳಿಯುತ್ತದೆ. ಬಸಿಗಾಲುವೆಗಳು ಹೂಳಿನಿಂದ ಮುಚ್ಚುತ್ತವೆ.

“ತಾತ್ಕಾಲಿಕ” ಎಂಬ ಪದದಲ್ಲಿ ಇನ್ನೊಂದು ಮೋಸವಿದೆ. ಅಲ್ಪಕಾಲದ ಕಾಮಗಾರಿಗೆ ಸರಾಸರಿ ಎರಡು ವರ್ಷಕ್ಕೊಮ್ಮೆ ಬರುವ ಮಳೆಯನ್ನೇ ಅಳತೆಗೆ ಹಿಡಿಯುವ ರೂಢಿಯುಂಟು. ಹಾಗೆ ಕಟ್ಟಿದ ಕಾಲುವೆ ಮೊದಲ ಮಳೆಗಾಲದಲ್ಲೇ ಸೋಲುವ ಸಾಧ್ಯತೆ ನೂರಕ್ಕೆ 50. ಕಾಮಗಾರಿ ಎರಡನೆಯ ಮಳೆಗಾಲಕ್ಕೂ ಎಳೆದರೆ 75. ಘಟ್ಟದ ಕಾಮಗಾರಿಗಳು ಒಂದೇ ಬೇಸಿಗೆಯಲ್ಲಿ ಮುಗಿದುದನ್ನು ಕಂಡವರು ವಿರಳ. ಮನೆಗಳ ಮೇಲ್ಭಾಗದಲ್ಲಿ ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಬರುವ ಮಳೆಯನ್ನು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಖರ್ಚು ಹೆಚ್ಚೆನ್ನುವವರು ಹೂಳು ತೆಗೆಯುವ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಲಿ. ಈಗ ಅದನ್ನು ರೈತನೇ ತೆರುತ್ತಿದ್ದಾನೆ.

ಎರಡು ಸಣ್ಣ ಕೊಳವೆಗಳಿಗಿಂತ ಒಂದು ದೊಡ್ಡ ಕಂಡಿ ಮೇಲು, ಕಸ ಸುಲಭವಾಗಿ ಕಟ್ಟದು. ನಾಲ್ಕಡಿ ಕೊಳವೆಯ ಬಾಯಿ ಎರಡಡಿಯದರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನೀರು ಹೊರಬೀಳುವಲ್ಲಿ ಕಲ್ಲು ಹಾಸದಿದ್ದರೆ ಎಷ್ಟು ದೊಡ್ಡದಾದರೂ ಬುಡ ಕೊರೆಯುತ್ತದೆ.

ಮೃಗಶಿರ ಮಳೆ ಹಿಡಿಯುವ ಮೊದಲೇ ಗ್ರಾಮಸಭೆಯಲ್ಲಿ ಮೂರು ಅಂಕಿಗಳನ್ನು ಕೇಳೋಣ: ಹಿಡಿದ ಗುಡ್ಡವೆಷ್ಟು, ಮಳೆಯೆಷ್ಟು, ಕೊಳವೆ ಒಯ್ಯುವುದೆಷ್ಟು. ಹಳ್ಳ ಹಿಂದೆ ಎಲ್ಲಿಯವರೆಗೆ ಏರಿತ್ತೆಂದು ಹಿರಿಯರನ್ನು ಕೇಳಿ, ಆ ಗುರುತನ್ನು ವಿದ್ಯಾರ್ಥಿಗಳು ಅಳೆದು ತರಲಿ.