ಚರ್ಚಿನ ಆರ್ಗನ್, ಮಿರಜದ ಸಿತಾರ್

ರಾಯಬಾಗದಲ್ಲಿ ವರ್ಷಕ್ಕೊಂದು ಆರ್ಗನ್ ಕಛೇರಿ ನಡೆಯಬೇಕು, ಅದೂ ಚರ್ಚಿನಲ್ಲಿ, ಸಿತಾರ್, ಸಾರಂಗಿ, ತಬಲಾಗಳ ಜೊತೆಯಲ್ಲಿ ಎಂದರೆ ಬೆಂಗಳೂರಿನ ಓದುಗರು ಹುಬ್ಬೇರಿಸಬಹುದು. ಆರ್ಗನ್ ಎಂದೊಡನೆ ಅವರಿಗೆ ನೆನಪಾಗುವುದು ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿರುವಂಥ ಕೊಳವೆಗಳ ಸಾಲು. ಸ್ವಲ್ಪ ಇತಿಹಾಸ ಬಲ್ಲವರಿಗೆ ಟಿಪ್ಪುವಿನ ಹುಲಿಯೂ ನೆನಪಾದೀತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ವಶವಾಗಿ ಆಮೇಲೆ ಲಂಡನ್ನಿಗೆ ಹೋದ ಆ ಮರದ ಹುಲಿಯ ಹೊಟ್ಟೆಯಲ್ಲಿರುವುದೂ ಒಂದು ಪುಟ್ಟ ಆರ್ಗನ್ನೇ. ಕಬ್ಬು, ಅರಿಶಿನ ಬೆಳೆಯುವ ಗಡಿ ತಾಲ್ಲೂಕಿಗೂ ಈ ವಾದ್ಯಕ್ಕೂ ಎಲ್ಲಿಯ ಸಂಬಂಧ ಎಂಬ ಪ್ರಶ್ನೆ ಸಹಜ.

ಸಂಬಂಧ ಹಳೆಯದು. ಗಾಳಿ ತುಂಬಿ ಹಿತ್ತಾಳೆಯ ನಾಲಿಗೆಗಳನ್ನು ನುಡಿಸುವ ಹಾರ್ಮೋನಿಯಂ ಅನ್ನು 19ನೇ ಶತಮಾನದ ನಡುವಿನಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದಬೇನ್ ರೂಪಿಸಿದಾಗ, ಕೊಳವೆಯ ಆರ್ಗನ್ ಕೊಳ್ಳಲಾರದ ಸಣ್ಣ ಚರ್ಚುಗಳಿಗೆ ಅದು ವರವಾಯಿತು. ಕಾಲಿನಿಂದ ತಿದಿ ಒತ್ತುವ ಆ ಪೆಟ್ಟಿಗೆ ಮಿಷನರಿಗಳ ಸಾಮಾನಿನೊಡನೆ ಹಡಗು ಹತ್ತಿ ಭಾರತಕ್ಕೆ ಬಂತು. ಕಲ್ಕತ್ತದ ದ್ವಾರಕಾನಾಥ ಘೋಷ್ ಅದರ ಕಾಲುಗಳನ್ನು ತೆಗೆದು, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕುಳಿತು ನುಡಿಸುವಂತೆ ಮಾಡಿದರು. ಚರ್ಚಿನ ವಾದ್ಯ ಹೀಗೆ ಭಜನೆಯ ಪೇಟಿಯಾಯಿತು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಇಂದು ಪೇಟಿಯಿಲ್ಲದೆ ಊಹಿಸುವುದೇ ಕಷ್ಟ.

ಕಾಲಿನ ಆರ್ಗನ್ ಕೂಡ ಮಾಯವಾಗಲಿಲ್ಲ. ಅದು ರಂಗಭೂಮಿಗೆ ಹೋಯಿತು. 1913ರಲ್ಲಿ ಆರಂಭವಾದ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಆರ್ಗನ್ನಿನ ಜೊತೆಗೆ ಕಾದರಬಕ್ಷರ ಸಾರಂಗಿ, ಅಹಮದ್‌ಜಾನ್ ಥಿರಕವಾರ ತಬಲಾ ನುಡಿಯುತ್ತಿದ್ದವು. ಕನ್ನಡದ ಕಂಪನಿಗಳಲ್ಲಿ ಇದೇ ವಾದ್ಯ ಕಾಲು ಹಾರ್ಮೋನಿಯಂ ಎಂಬ ಹೆಸರಿನಿಂದ ರಂಗದ ಮುಂದೆ ಕುಳಿತಿತು. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ವಿಲೀನವಾಗುವವರೆಗೆ ರಾಯಬಾಗ ಆ ಸಂಸ್ಥಾನಕ್ಕೇ ಸೇರಿತ್ತು. ಇಂದಿಗೂ ರೈಲು ಹತ್ತಿದರೆ ಈ ಊರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ಆರ್ಗನ್ ಮತ್ತು ಸಾರಂಗಿಯ ಜೋಡಣೆ ಯುರೋಪಿನಿಂದ ಎರವಲು ತರಬೇಕಾದ ಪ್ರಯೋಗವಲ್ಲ. ಈ ಭಾಗದ ಅಜ್ಜಂದಿರು ಟಿಕೆಟ್ ಕೊಟ್ಟು ಕೇಳಿದ ಸಂಗೀತವದು.

ವಿದ್ವಾಂಸರ ಒಪ್ಪಿಗೆ ಮಾತ್ರ ಬಹಳ ಕಾಲ ಸಿಗಲಿಲ್ಲ. ಹಾರ್ಮೋನಿಯಂನ ಸ್ವರಗಳು ಸ್ಥಿರ. ಮೀಂಡ್ ಎಳೆಯಲು ಬಾರದು, ಶ್ರುತಿಯ ಸೂಕ್ಷ್ಮಗಳು ಅದಕ್ಕೆ ದಕ್ಕವು ಎಂಬ ಆಕ್ಷೇಪ ಸುಳ್ಳಲ್ಲ. ರವೀಂದ್ರನಾಥ ಠಾಕೂರರೂ ಈ ವಾದ್ಯದ ವಿರೋಧಿಗಳಾಗಿದ್ದರು. 1940ರ ಮಾರ್ಚ್ 1ರಿಂದ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. ಎಪ್ಪತ್ತರ ದಶಕದ ಆರಂಭದಲ್ಲಷ್ಟೇ ಆ ಬಿಗಿ ಸಡಿಲವಾಯಿತು. ಈ ಮೂರು ದಶಕಗಳ ಅವಜ್ಞೆಯ ನಡುವೆಯೂ ವಾದ್ಯವನ್ನು ಕೈಬಿಡದವರಲ್ಲಿ ಪಂಡಿತ ರಾಮಭಾವು ವಿಜಾಪುರೆ ಒಬ್ಬರು. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿದ ಅವರು ಬೆಳಗಾವಿಯಲ್ಲಿ ನೆಲೆಸಿ, 2010ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರನ್ನು ತಯಾರು ಮಾಡಿದರು. ಗಡಿ ಎಂದರೆ ಬರಿಯ ತಂಟೆ ಎಂದು ತಿಳಿದವರು ಈ ಹೆಸರನ್ನು ಒಮ್ಮೆ ನೆನೆಯಬೇಕು.

ಆರ್ಗನ್ನಿನ ಜೊತೆ ಬೇರೆ ವಾದ್ಯಗಳು ಕೂಡುವಾಗ ಒಂದು ನಿಯಮವಿದೆ. ಸಿತಾರ್ ತನ್ನ ತಂತಿಯನ್ನು ಬಿಗಿಯಬಹುದು, ತಬಲಾ ತನ್ನ ಗಟ್ಟಿಯನ್ನು ಏರಿಳಿಸಬಹುದು. ಆರ್ಗನ್ ಆ ಗಳಿಗೆಯಲ್ಲಿ ಏನನ್ನೂ ಬದಲಿಸಲಾರದು. ಆದ್ದರಿಂದ ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸಿಕೊಳ್ಳಬೇಕು. ಪ್ರತಿಯಾಗಿ ಆರ್ಗನ್ ವಾದಕ ತನ್ನ ಮಿತಿಯನ್ನು ಅರಿತಿರಬೇಕು. ಗಾಂಧಾರ ತೂಗುವ ದರಬಾರಿಯನ್ನು ಸಾರಂಗಿಗೆ ಬಿಟ್ಟು, ತಾನು ಭೂಪ್ ಅಥವಾ ದುರ್ಗಾದಂಥ ರಾಗವನ್ನು ಆರಿಸಿಕೊಳ್ಳಬೇಕು; ಇಲ್ಲವೇ ತಂಬೂರಿಯ ಸ್ಥಾನದಲ್ಲಿ ನಿಂತು ದೀರ್ಘ ಷಡ್ಜ, ಪಂಚಮಗಳನ್ನಷ್ಟೇ ಹಿಡಿದಿರಬೇಕು. ಯಾರು ಬಾಗಲಾರರು, ಯಾರು ಬಾಗಬೇಕು ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಂಡು ಕೂರುವ ಇಂಥ ಸಭೆಯನ್ನು ನನ್ನ ಇಡೀ ಸೇವಾವಧಿಯಲ್ಲಿ ಬೇರೆಲ್ಲೂ ಕಾಣಲಿಲ್ಲ.

ಚರ್ಚೇ ಏಕೆ ಎಂಬ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಬೇಕು. ಮೊದಲ ಕಾರಣ ತೀರ ಲೌಕಿಕ. ನಮ್ಮ ಸಣ್ಣ ಊರುಗಳ ಕಲ್ಯಾಣ ಮಂಟಪಗಳು ಧ್ವನಿವರ್ಧಕಕ್ಕಾಗಿಯೇ ಕಟ್ಟಿದಂತಿವೆ. ಸದ್ದಿಲ್ಲದೆ ಕುಳಿತು ಕೇಳುವುದಕ್ಕೆ ಮೈಕಿಲ್ಲದೆ ಹಾಡುವ ರೂಢಿಯಿರುವ ಪ್ರಾರ್ಥನಾ ಮಂದಿರವೇ ಮೇಲು. ಪಾಶ್ಚಾತ್ಯ ಧಾಟಿಯ ಕೀರ್ತನೆಗಳನ್ನೂ ನಮ್ಮ ರಾಗಗಳ ಹಾಡುಗಳನ್ನೂ ಒಂದೇ ಆರಾಧನೆಯಲ್ಲಿ ಹಾಡುವ ಕನ್ನಡ ಕ್ರೈಸ್ತ ಸಭೆಗಳಿಗೆ ಈ ಕೂಡಿಕೆ ಹೊಸದೂ ಅಲ್ಲ.

ಎರಡನೆಯ ಕಾರಣ ಸೂಕ್ಷ್ಮವಾದದ್ದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಗಳು ನಡೆದ ನಂತರ, ಚರ್ಚಿನ ಅಂಗಳಕ್ಕೆ ಕಾಲಿಡುವವರನ್ನೂ ಕರೆಯುವವರನ್ನೂ ಅನುಮಾನದಿಂದ ನೋಡುವ ಸ್ವಭಾವ ಈ ರಾಜ್ಯದಲ್ಲಿ ಬೆಳೆದಿದೆ. ಕಛೇರಿಯ ಆಹ್ವಾನವನ್ನೂ ಮತಾಂತರದ ಆಮಿಷವೆಂದು ಓದುವವರು ಇದ್ದಾರೆ. ಅವರನ್ನು ನಾನು ಮಿರಜಕ್ಕೆ ಕರೆಯುತ್ತೇನೆ. ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡ ಮೇಲೆ, ಅಲ್ಲಿನ ಮೀರಾಸಾಹೇಬ ದರ್ಗಾದ ಉರುಸಿನಲ್ಲಿ ಅವರ ನೆನಪಿನ ಸಂಗೀತ ಸಭೆ ನಡೆಯುತ್ತ ಬಂದಿದೆ. ದೊಡ್ಡ ದೊಡ್ಡ ಕಲಾವಿದರು ಅಲ್ಲಿ ಸೇವೆಯೆಂದು ಹಾಡಿದ್ದಾರೆ. ಜಾತಿಮತ ನೋಡದೆ ಜನ ರಾತ್ರಿಯಿಡೀ ಕೇಳಿದ್ದಾರೆ. ಹಾಗೆ ಕೇಳಿದ್ದರಿಂದ ಯಾರ ಧರ್ಮವೂ ಕೆಡಲಿಲ್ಲ. ದರ್ಗಾದಲ್ಲಿ ಒಪ್ಪುವುದು ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯಷ್ಟೇ ಇರುವ ಊರಿನ ಚರ್ಚಿನಲ್ಲಿ ಏಕೆ ಒಪ್ಪಬಾರದು?

ಇನ್ನು ಹಣದ ಮಾತು. ಅರ್ಥಶಾಸ್ತ್ರ ಓದಿದವನಿಗೆ ಇದೇ ಮುಖ್ಯ ಪ್ರಶ್ನೆ. ಬೌಮೋಲ್ ಮತ್ತು ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿಯೇ ತೋರಿಸಿಕೊಟ್ಟ ಸಂಗತಿಯಿದು: ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಒಬ್ಬ ಕೆಲಸಗಾರನ ಉತ್ಪಾದನೆ ಹೆಚ್ಚುತ್ತದೆ, ನಾಲ್ವರು ನುಡಿಸಬೇಕಾದ ಕೃತಿಗೆ ಇಂದಿಗೂ ನಾಲ್ವರೇ ಬೇಕು, ಅಷ್ಟೇ ಹೊತ್ತೂ ಬೇಕು. ಕೂಲಿ ಏರಿದಂತೆ ಕಲೆಯ ವೆಚ್ಚ ಏರಲೇಬೇಕು, ಟಿಕೆಟ್ ಮಾರಾಟ ಅದನ್ನು ಎಂದೂ ತುಂಬಲಾರದು. ಹಾಗಾದರೆ ತುಂಬುವವರು ಯಾರು?

ಜರ್ಮನಿಯ ವ್ಯಾಪಾರಿ ನಗರ ಲ್ಯೂಬೆಕ್ ಇದಕ್ಕೊಂದು ಉತ್ತರ ಕಂಡುಕೊಂಡಿತ್ತು. 17ನೇ ಶತಮಾನದಲ್ಲಿ ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ ಆರ್ಗನ್ ವಾದಕರಾಗಿದ್ದ ಟುಂಡರ್ ಮತ್ತು ಅವರ ನಂತರ 1668ರಲ್ಲಿ ಬಂದ ಬುಕ್ಸ್‌ಟೆಹುಡೆ ಸಂಜೆಯ ಸಂಗೀತ ಸಭೆಗಳನ್ನು ನಡೆಸುತ್ತಿದ್ದರು. ಆರ್ಗನ್, ಪಿಟೀಲು, ತುತ್ತೂರಿ, ಗಾಯಕರು ಎಲ್ಲರೂ ಸೇರುತ್ತಿದ್ದರು, ಪ್ರವೇಶ ಉಚಿತ. ಖರ್ಚು ಊರಿನ ವರ್ತಕರದು. ಬುಕ್ಸ್‌ಟೆಹುಡೆ ಅವರಿಗೆ ವರ್ಷ ವರ್ಷವೂ ಪತ್ರ ಬರೆದು ವಂತಿಗೆ ಕೇಳುತ್ತಿದ್ದರು. 1705ರಲ್ಲಿ ಇಪ್ಪತ್ತರ ಹರೆಯದ ಬಾಖ್ ಸುಮಾರು 400 ಕಿ.ಮೀ. ನಡೆದು ಲ್ಯೂಬೆಕ್ಕಿಗೆ ಬಂದದ್ದು ಆ ಬುಕ್ಸ್‌ಟೆಹುಡೆಯ ಸಂಗೀತವನ್ನು ಕೇಳಲು.

ನಮ್ಮ ಈ ಐದು ತಾಲ್ಲೂಕುಗಳಲ್ಲಿ ವರ್ತಕರಿಗೆ ಬರವಿಲ್ಲ. ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಉಗಾರದಿಂದ ಹಿಡಿದು ಸಾಲುಗಟ್ಟಿ ನಿಂತಿರುವ ಸಕ್ಕರೆ ಕಾರ್ಖಾನೆಗಳು. ಕಬ್ಬು ನುರಿಯುವ ಹಂಗಾಮಿನಲ್ಲಿ ಇಲ್ಲಿ ಓಡಾಡುವ ಹಣ ಸಣ್ಣದಲ್ಲ. ಆ ಹಣ ಜಾತ್ರೆಯ ಕುಸ್ತಿಗೆ ಹೋಗುತ್ತದೆ, ಹೋಗಲಿ. ಚಿಂಚಲಿಯ ಮಾಯಕ್ಕನ ಜಾತ್ರೆಯ ಅನ್ನಸಂತರ್ಪಣೆಗೂ ಹೋಗಲಿ. ಅದರಲ್ಲಿ ಒಂದು ಸಂಜೆಯ ಪಾಲನ್ನು ಕೇಳುವುದು ಅತಿಯಾಸೆಯಾಗದು.

ಸರಕಾರದ ಸಹಾಯಧನವನ್ನು ನೆಚ್ಚಬಾರದೆಂದು ನಾನು ಹೇಳುವುದಿಲ್ಲ. ಆದರೆ ಸೇವೆಯಲ್ಲಿದ್ದಾಗ ನನ್ನ ಮೇಜಿನ ಮೇಲೆ ಹಾದುಹೋದ ಸಾಂಸ್ಕೃತಿಕ ಕಡತಗಳಲ್ಲಿ ಶಾಮಿಯಾನ, ಧ್ವನಿವರ್ಧಕ, ಹಾರ, ಶಾಲು, ಸ್ಮರಣಿಕೆಗಳಿಗೆ ಬಾಬ್ತು ಇರುತ್ತಿತ್ತು. ವಾದ್ಯ ಖರೀದಿಗೂ ಇರುತ್ತಿತ್ತು. ಕೊಂಡ ವಾದ್ಯವನ್ನು ಮುಂದಿನ ಹತ್ತು ವರ್ಷ ಯಾರು ರಿಪೇರಿ ಮಾಡಬೇಕೆಂಬ ಸಾಲು ಒಂದರಲ್ಲಿಯೂ ಇರಲಿಲ್ಲ. ಉದ್ಘಾಟನೆಗೆ ಅತಿಥಿಗಳು ಸಿಗುತ್ತಾರೆ, ತಿದಿಗೆ ಚರ್ಮ ಹಚ್ಚುವುದಕ್ಕೆ ಸಿಗುವುದಿಲ್ಲ. ಮಳೆಗಾಲದ ತೇವಕ್ಕೆ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ, ಹಿತ್ತಾಳೆಯ ನಾಲಿಗೆಗೆ ಕಿಲುಬು ಹಿಡಿದು ಸ್ವರ ಇಳಿಯುತ್ತದೆ, ಇಲಿ ತಿದಿಯನ್ನು ಕಡಿಯುತ್ತದೆ. ಒಂದೊಂದೇ ನಾಲಿಗೆಯನ್ನು ಕೆರೆದು ಸ್ವರಕ್ಕೆ ತರುವ ಕುಶಲಕರ್ಮಿ ವರ್ಷಕ್ಕೆ ನಾಲ್ಕು ಪೇಟಿಯ ಕೆಲಸದಿಂದ ಮನೆ ನಡೆಸಲಾರ. ಅವನ ಮಗ ಮೊಬೈಲ್ ಅಂಗಡಿ ತೆರೆಯುತ್ತಾನೆ. ಕೀಬೋರ್ಡ್ ಆ ಜಾಗಕ್ಕೆ ಬರುತ್ತದೆ. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆತದ್ದು ಅಲ್ಲಿ ಕಸುಬುದಾರರ ಮನೆತನಗಳು ಇನ್ನೂ ಉಳಿದಿರುವುದರಿಂದ. ನದಿಯ ಈಚೆ ನಮ್ಮ ಪೇಟಿ ರಿಪೇರಿಯವರಿಗೆ ಅಂಥ ಗುರುತೂ ಇಲ್ಲ, ಗಿರಾಕಿಯೂ ಇಲ್ಲ.

ಆದ್ದರಿಂದ ಈ ವಂತಿಗೆಯನ್ನು ಎರಡು ಪಾಲು ಮಾಡಬೇಕು. ಒಂದು ಪಾಲು ಕಲಾವಿದರಿಗೆ. ಇನ್ನೊಂದು ಪಾಲು ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ತಾಲ್ಲೂಕಿನ ಚರ್ಚು, ಭಜನಾ ಮಂಡಳಿ, ಪಾರಿಜಾತ ಮೇಳ, ಶಾಲೆಗಳ ಪೇಟಿಗಳನ್ನೆಲ್ಲ ಒಂದೆಡೆ ತರಿಸಿ ದುರಸ್ತಿ ಮಾಡುವ ಕುಶಲಕರ್ಮಿಗೆ, ಒಂದು ತಿಂಗಳ ಪೂರ್ಣ ಸಂಬಳವಾಗಿ. ಜೊತೆಗೆ ಕಲಿಯುವ ಹುಡುಗನೊಬ್ಬನಿಗೆ ವಿದ್ಯಾರ್ಥಿವೇತನ. ಕಛೇರಿ ಡಿಸೆಂಬರಿನ ಒಂದು ಭಾನುವಾರ ಸಂಜೆ ಇರಲಿ. ಹಾಡು ಕನ್ನಡದ್ದೋ ಮರಾಠಿಯದೋ ಎಂಬ ಎಣಿಕೆಗೆ ಅವಕಾಶ ಸಿಗದಂತೆ ಮೊದಲ ವರ್ಷ ಬರಿಯ ವಾದ್ಯಗಳೇ ಇರಲಿ. ಮೊದಲ ಸಾಲನ್ನು ಗಣ್ಯರಿಗೆ ಕಾದಿರಿಸುವುದು ಬೇಡ, ಪೇಟಿ ತಂದುಕೊಟ್ಟ ಭಜನಾ ಮಂಡಳಿಯವರು ಅಲ್ಲಿ ಕೂರಲಿ.