ತೂತಿನ ಲೆಕ್ಕ ಯಾರ ತಲೆಗೆ?



ಹೋಟೆಲಿನಲ್ಲಿ ದುಡಿದ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು. ಗಲ್ಲೆಯಲ್ಲಿ ಕುಳಿತವನು ಎಣಿಸುವುದು ತಟ್ಟೆಯ ಮೇಲಿನ ಇಡ್ಲಿಯನ್ನು. ಅದಕ್ಕೆ ರುಬ್ಬಿದ ಕೈಯನ್ನಲ್ಲ. ಇದೇ ಲೆಕ್ಕ ಈಗ ಕಟ್ಟಡದ ಕೆಲಸಕ್ಕೂ ಬಂದಿದೆ.

ಅದು ನಮಗೇಕೆ ಎನ್ನುವಿರಾ? 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಿಮಣಿಗಳಿದ್ದ ನೆಲದಲ್ಲಿ ಗೋಪುರಗಳೆದ್ದಿವೆ. ಇಂಥ ಗೋಪುರಗಳಿಗೆ ಗಾರೆ ಬಳಿಯುವವರಲ್ಲಿ ಕಲಬುರ್ಗಿ, ವಿಜಯಪುರಗಳ ಕಡೆಯಿಂದ ಬಂದ ನಮ್ಮವರೂ ಇದ್ದಾರೆ.

ಹಿಂದೆ ಅಳತೆಗಾರನು ಕಾಗದದ ನಕ್ಷೆಯನ್ನು ಹರಡಿ, ಇಟ್ಟಿಗೆ ಎಷ್ಟು, ಕಾಂಕ್ರೀಟು ಎಷ್ಟು, ಗಾರೆ ಎಷ್ಟು ಎಂದು ಪ್ರಮಾಣಪಟ್ಟಿ ಬರೆಯುತ್ತಿದ್ದನು. ಈಗ ಕಂಪ್ಯೂಟರಿನಲ್ಲಿ ಇಡೀ ಕಟ್ಟಡವನ್ನೇ ಗೋಡೆ, ಕಿಟಕಿ, ಕಂಬಗಳ ಸಮೇತ ಕಟ್ಟಿ ನಿಲ್ಲಿಸುತ್ತಾರೆ. ಇದಕ್ಕೆ ಬಿಮ್ ಎಂದು ಹೆಸರು. ಗುಂಡಿ ಒತ್ತಿದರೆ ಪಟ್ಟಿ ತಾನಾಗಿ ಹೊರಬರುತ್ತದೆ. "ಯಂತ್ರ ಸುಳ್ಳು ಹೇಳುವುದಿಲ್ಲ" ಎಂದು ಮಾಲಿಕರು ಎದೆ ತಟ್ಟಿಕೊಳ್ಳುತ್ತಾರೆ.

ಯಂತ್ರ ಸುಳ್ಳು ಹೇಳದಿರಬಹುದು. ಆದರೆ ಅದಕ್ಕೆ ಗೊತ್ತಿರುವುದು ಬರೆದಷ್ಟೇ. ಚಿತ್ರದಲ್ಲಿ ಬರೆಯದ ಸಾರುವೆ ಪಟ್ಟಿಯಲ್ಲಿ ತಾನಾಗಿ ಮೂಡುವುದಿಲ್ಲ. ಅದನ್ನು ಕಟ್ಟಿ, ಏರಿ, ಬಿಚ್ಚಿದವನ ಬೆವರೂ ಮೂಡುವುದಿಲ್ಲ.

ಒಂದು ಉದಾಹರಣೆ ನೋಡಿರಿ. ಗಾರೆಯ ಅಳತೆಗೆ ನಮ್ಮ ದೇಶದಲ್ಲಿ ಐ.ಎಸ್. 1200ರ 12ನೆಯ ಭಾಗವೆಂಬ ಮಾನಕವಿದೆ. 0.5 ಚದರ ಮೀಟರಿಗೆ ಮೀರದ ತೂತನ್ನು ಅಳತೆಯಿಂದ ಕಳೆಯಬಾರದು, ತೂತಿನ ಒಳ ಅಂಚಿಗೆ ಬೇರೆ ದುಡ್ಡನ್ನೂ ಕೇಳಬಾರದು ಎಂಬುದು ಅದರ ನಿಯಮ. ಇದು ಕೊಟ್ಟು ತೆಗೆದುಕೊಳ್ಳುವ ನ್ಯಾಯ. ಆದರೆ ಸಾಫ್ಟ್‌ವೇರಿಗೆ ಯಾರೂ ಈ ನಿಯಮವನ್ನು ಕಲಿಸದಿದ್ದರೆ ಅದು ಗೋಡೆಯ ಅಳತೆಯಿಂದ ಪ್ರತಿ ತೂತನ್ನೂ ಕಳೆದು ನಿವ್ವಳ ಕೊಡುತ್ತದೆ. 60 ಸೆಂಟಿಮೀಟರ್ ಚೌಕದ ಗವಾಕ್ಷಿ 0.36 ಚದರ ಮೀಟರು. ಗೋಡೆಯ ಎರಡು ಮೈಗೆ 0.72. ಇಂಥ 400 ಗವಾಕ್ಷಿಗಳಿದ್ದರೆ 288 ಚದರ ಮೀಟರ್ ಗಾರೆಯ ಕೂಲಿ ಮಾಯ! ಗೋಡೆ 20 ಸೆಂಟಿಮೀಟರ್ ದಪ್ಪವಿದ್ದರೆ ಪ್ರತಿ ಗವಾಕ್ಷಿಯ ಒಳ ಅಂಚಿಗೆ ಬಳಿದ 0.48 ಚದರ ಮೀಟರೂ ಪುಕ್ಕಟೆ. ಕಳೆಯುವುದನ್ನು ಕಳೆದರು, ಕೂಡಿಸುವುದನ್ನು ಮರೆತರು. ಚದರದ ಲೆಕ್ಕದಲ್ಲಿ ಕೂಲಿ ಪಡೆಯುವವನ ಊಟದ ತಟ್ಟೆಗೇ ಈ ತೂತು ಬೀಳುತ್ತದೆ.

ಹಾಗೆಂದು ಯಂತ್ರವನ್ನು ಒಡೆಯಿರೆಂದು ನಾವು ಹೇಳುವುದಿಲ್ಲ. ಅದೇ ಯಂತ್ರಕ್ಕೆ ಸಣ್ಣ ತೂತನ್ನು ಬಿಡು ಎಂದು ಸೂತ್ರ ಬರೆದುಕೊಟ್ಟರೆ ಬಿಡುತ್ತದೆ. ಬರೆಯುವ ಮನಸ್ಸು ಯಜಮಾನನಿಗೆ ಬರಬೇಕು. ಗುತ್ತಿಗೆದಾರನ ಬಿಲ್ಲಿಗೆ ಮಾನಕದ ಅಳತೆ, ಗಾರೆಯವನ ಕೂಲಿಗೆ ಯಂತ್ರದ ಅಳತೆ ಎಂದರೆ ಅದು ಲೆಕ್ಕವಲ್ಲ, ಹಗಲುದರೋಡೆ.

ಆದುದರಿಂದ ನಮ್ಮ ಬೇಡಿಕೆ ಮೂರು. ಯಾವ ನಿಯಮದಿಂದ ಅಳೆಯುವರೆಂದು ಕೆಲಸಕ್ಕೆ ಮೊದಲೇ ಬರೆದುಕೊಡಬೇಕು. ಅಳತೆಯ ಪಟ್ಟಿ ಕೆಲಸಗಾರನು ಓದಬಲ್ಲ ಭಾಷೆಯಲ್ಲಿ ಗೋಡೆಗೆ ಅಂಟಬೇಕು. ತಕರಾರು ಬಂದರೆ ಕೆಲಸಗಾರರ ಪ್ರತಿನಿಧಿಯ ಎದುರಿಗೆ ಟೇಪು ಹಿಡಿದು ಅಳೆಯಬೇಕು.

ಗಿರಣಿಯಲ್ಲಿ ಗಜದ ಲೆಕ್ಕಕ್ಕೆ ನೇಯ್ದ ಹಿರಿಯರೆ, ಅಳತೆಗೋಲು ಯಾರ ಕೈಯಲ್ಲಿದ್ದರೆ ಏನಾಗುವುದೆಂದು ನೀವು ಬಲ್ಲಿರಿ. ನಿಮ್ಮ ಚಾಳಿನಲ್ಲಿ ಗಾರೆ ಕೆಲಸದ ಹುಡುಗನಿದ್ದರೆ ಈ ಲೆಕ್ಕವನ್ನು ಅವನಿಗೆ ಓದಿ ಹೇಳಿರಿ. ಸಂಘಕ್ಕೆ ಕರೆತನ್ನಿರಿ.