ಗೋಡೆಯ ಚಿತ್ರಕ್ಕೂ ಬಣ್ಣ ಬಳಿದರು

ಮಕ್ಕಳು ಬಂದು ಕೂರುವ ಕಡೆ ಗೋಡೆಗೆ ಚಿತ್ರ ಬರೆಸಬೇಕೆಂಬುದು ನಮ್ಮ ಹಳ್ಳಿಯ ಅಂಗನವಾಡಿಗೂ ಗೊತ್ತು. ಇಂಗ್ಲೆಂಡಿನ ಡೋವರ್‌ನಲ್ಲಿ, ಹೆತ್ತವರಿಲ್ಲದೆ ದೋಣಿಯೇರಿ ಬಂದ ಮಕ್ಕಳನ್ನು ಬರಮಾಡಿಕೊಳ್ಳುವ ಸರ್ಕಾರಿ ಕೇಂದ್ರದ ಗೋಡೆಯಲ್ಲೂ ಮಿಕ್ಕಿ ಮೌಸ್ ಇತ್ತು. 2023ರ ಜುಲೈನಲ್ಲಿ ಅದರ ಮೇಲೆ ಬಣ್ಣ ಬಳಿಯಲಾಯಿತು. ಆದೇಶ ಅಂದಿನ ವಲಸೆ ಸಚಿವ ರಾಬರ್ಟ್ ಜೆನ್ರಿಕ್ ಅವರದು. ಚಿತ್ರಗಳು ತೀರಾ ಸ್ವಾಗತಿಸುವಂತಿದ್ದುವಂತೆ!

ಇದು ಸಣ್ಣ ಮಾತು. ಘೋರವಾದದ್ದು ಹೋಟೆಲುಗಳ ಕಥೆ. ಪೋಷಕರಿಲ್ಲದ ಮಗು ಯಾವ ಪ್ರದೇಶದಲ್ಲಿ ಕಂಡುಬರುವುದೋ ಅಲ್ಲಿನ ಸ್ಥಳೀಯ ಆಡಳಿತವೇ ಅದಕ್ಕೆ ನೆಲೆ ಒದಗಿಸಬೇಕೆಂದು ಆ ದೇಶದ 1989ರ ಮಕ್ಕಳ ಕಾಯಿದೆ ಹೇಳುತ್ತದೆ. ಕೆಂಟ್ ಕೌಂಟಿಯ ಆಡಳಿತವು ಸ್ಥಳವಿಲ್ಲವೆಂದು ಕೈಚೆಲ್ಲಿತು. ಗೃಹ ಇಲಾಖೆ 2021ರ ಜುಲೈಯಿಂದ ಮಕ್ಕಳನ್ನು ಹೋಟೆಲುಗಳಲ್ಲಿ ಇರಿಸತೊಡಗಿತು. ಹಾಸಿಗೆ ಇತ್ತು, ಊಟ ಇತ್ತು, ಕಾವಲೂ ಇತ್ತು. ‘ಈ ಮಗು ನನ್ನ ಹೊಣೆ’ ಎನ್ನುವ ಹಿರಿಯರಿರಲಿಲ್ಲ. ಹಾಗೆ ಇರಿಸಿದ 4,600ಕ್ಕೂ ಹೆಚ್ಚು ಮಕ್ಕಳಲ್ಲಿ 200 ಮಂದಿಯ ಪತ್ತೆಯಿಲ್ಲವೆಂದು 2023ರ ಜನವರಿಯಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅವರಲ್ಲಿ 13 ಮಂದಿಗೆ ಹದಿನಾರು ತುಂಬಿರಲಿಲ್ಲ. ಧರ್ಮೋಪದೇಶದ ತರಗತಿಗೆ ಹೋದ ಒಂದು ಮಗು ಸಂಜೆ ಮನೆ ಸೇರದಿದ್ದರೆ ನಾವು ದೇವಾಲಯದ ಗಂಟೆ ಬಾರಿಸಿ ಊರನ್ನೇ ಎಬ್ಬಿಸುವುದಿಲ್ಲವೇ?

ಕಾಣೆಯಾದವರಲ್ಲಿ ಬಹುಪಾಲು ಅಲ್ಬೇನಿಯದವರು, ಅಲ್ಲಿ ಯುದ್ಧವೇ ಇಲ್ಲವಲ್ಲ ಎನ್ನುವವರುಂಟು. ಇರಲಿ, ಆಶ್ರಯಕ್ಕೆ ಅರ್ಹರೋ ಅಲ್ಲವೋ ವಿಚಾರಣೆ ನಡೆಯಲಿ. ಅಲ್ಲಿಯವರೆಗೆ ಹುಡುಗನನ್ನು ನೋಡಿಕೊಳ್ಳುವವರು ಯಾರು? ಆಶ್ರಯ ಕೋರಿ ಬಂದ ಮಗುವಿಗೆ ಹೆತ್ತವರು ಸಿಗದಿದ್ದರೆ, ಕುಟುಂಬ ಕಳೆದುಕೊಂಡ ಇತರ ಮಕ್ಕಳಿಗಿರುವ ರಕ್ಷಣೆಯನ್ನೇ ಅದಕ್ಕೂ ಕೊಡಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 22ನೆಯ ವಿಧಿ ಹೇಳುತ್ತದೆ. ಬ್ರಿಟನ್ ಅದಕ್ಕೆ ಬದ್ಧವಾದ ದೇಶ.

‘ಹೆತ್ತವರೇ ಕಳುಹಿಸಿದರೆ ಸರ್ಕಾರವೇನು ಮಾಡೀತು?’ ಈ ಮಾತನ್ನು ನಮ್ಮವರ ಬಾಯಲ್ಲೂ ಕೇಳಿ ನೊಂದಿದ್ದೇನೆ. 1938-39ರಲ್ಲಿ ಸುಮಾರು 10,000 ಮಕ್ಕಳನ್ನು, ಬಹುಪಾಲು ಯೆಹೂದ್ಯರನ್ನು, ಹೆತ್ತವರೇ ರೈಲು ಹತ್ತಿಸಿ ಬ್ರಿಟನ್ನಿಗೆ ಕಳುಹಿಸಿದರು. ಅದನ್ನು ಯಾರೂ ಬೇಜವಾಬ್ದಾರಿ ಎನ್ನುವುದಿಲ್ಲ. ಹಾಗೆ ಪ್ರಾಗ್‌ನಿಂದ ಆರರ ವಯಸ್ಸಿನಲ್ಲಿ ಬಂದ ಆಲ್ಫ್ ಡಬ್ಸ್ ಮುಂದೆ ಬ್ರಿಟನ್ನಿನ ಮೇಲ್ಮನೆಯ ಸದಸ್ಯರಾಗಿ, ಯೂರೋಪಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ಮಕ್ಕಳಿಗಾಗಿ 2016ರಲ್ಲಿ ಕಾನೂನನ್ನೇ ತಿದ್ದಿಸಿದರು. ಸರ್ಕಾರ ಅದನ್ನು 480 ಮಕ್ಕಳಿಗೆ ಸೀಮಿತಗೊಳಿಸಿತು. ಹೆರೋದನ ಕತ್ತಿಗೆ ತಪ್ಪಿಸಿಕೊಂಡು ಈಜಿಪ್ಟಿಗೆ ಹೋದ ಬಾಲಯೇಸುವಿನ ಜೊತೆಗಾದರೂ ಮರಿಯ-ಜೋಸೆಫರಿದ್ದರು.

ಮಕ್ಕಳನ್ನು ವಾಡಿಕೆಯಾಗಿ ಹೋಟೆಲುಗಳಲ್ಲಿರಿಸಿದ್ದು ಕಾನೂನುಬಾಹಿರವೆಂದು 2023ರ ಜುಲೈನಲ್ಲಿ ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು. ಕೆಂಟ್ ಆಡಳಿತವೂ ತಪ್ಪಿತಸ್ಥವೆಂದಿತು. 2024ರ ಜನವರಿಯ ಕೊನೆಗೆ ಆ ಹೋಟೆಲುಗಳು ಮುಚ್ಚಿದವು. ಕಾಣೆಯಾದ ಮಕ್ಕಳಲ್ಲಿ ಹಲವರ ಸುಳಿವು ಆಗಲೂ ಸಿಕ್ಕಿರಲಿಲ್ಲ.